ಅಜ್ಜ ಪೈಲ್ವಾನನ ಹಾಲಿನ ಚರಿಗೆ

ಇವತ್ತು ರಾಮದುರ್ಗದ ಹೊಸ ಗರಡಿಮನೆಯಲ್ಲಿ ನಮ್ಮಜ್ಜನ ಹಿತ್ತಾಳೆ ಚರಿಗೆ ನೋಡಿದೆ. ಹುಣಸೆಹಣ್ಣಿನಿಂದ ತಿಕ್ಕಿ, ಅವನ ಫೋಟೋದ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ತೊರಗಲ್ಲಿನಿಂದ ಸಂಪಗಾಂವದವರೆಗೆ ಅವನ ಬೆನ್ನಿಗೆ ಮಣ್ಣು ಹತ್ತಿಸಿದವರಿಲ್ಲ ಎಂದು ಭಾಷಣವೂ ಆಯಿತು.

ನಾನು ಕಾಣುವ ಹೊತ್ತಿಗೆ ಅಜ್ಜ ಕುಸ್ತಿ ಬಿಟ್ಟು ಎಷ್ಟೋ ಕಾಲವಾಗಿತ್ತು. ಮುದುಡಿದ ಕಿವಿ, ಕಡಿಮೆ ಮಾತು. ದಿನಾ ಸಂಜೆ ಮೊಮ್ಮಕ್ಕಳನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿ ಎಮ್ಮೆಯ ಹಾಲು ಕುಡಿಸುತ್ತಿದ್ದ. ಆಗ ಬಾಗಿಲು ಪೂರ್ತಿ ತೆರೆದಿರಬೇಕಿತ್ತು. ತಾನು ಮಾತ್ರ ಒಂದು ಗುಟುಕೂ ಮುಟ್ಟುತ್ತಿರಲಿಲ್ಲ. ನನಗೋ ಕೆನೆ ಕಂಡರೆ ವಾಕರಿಕೆ. ಒಮ್ಮೆ ಹಟ ಮಾಡಿ ಲೋಟ ದೂಡಿದೆ. ಅಜ್ಜ ಬೈಯಲಿಲ್ಲ, ಚೆಲ್ಲಿದ ಹಾಲನ್ನೇ ನೋಡುತ್ತ ಕೂತುಬಿಟ್ಟ.

ಅಜ್ಜಿ ನನ್ನನ್ನು ಒಲೆಯ ಹತ್ತಿರ ಕರೆದು ಹೇಳಿದಳು: "ಪೈಲ್ವಾನರ ಹಾಲಿಗೆ ದೃಷ್ಟಿ ತಾಗಬಾರದಂತ ನಿಮ್ಮಜ್ಜಾರು ಬಾಗಲಾ ಹಾಕ್ಕೊಂಡ ಕುಡೀತಿದ್ರು. ಎರಡೂ ಎಮ್ಮಿ ಹಾಲು ಅವರಿಗೇ. ನಿಮ್ಮಪ್ಪಗಿಂತ ಮೊದಲ ಒಂದು ಹೆಣ್ಣು ಕೂಸಿತ್ತವ್ವಾ. ಬಾಗಲದ ಹೊರಗ ಕುಂತಿರತಿತ್ತು. ಅವರು ಹೊರಗ ಬಂದ ಮ್ಯಾಲೆ ಖಾಲಿ ಚರಿಗಿ ನೆಕ್ಕತಿತ್ತು. ಸೊರಗಿ ಸೊರಗಿ ಸತ್ತ ಹೋತು. ಆ ವರ್ಷನ ಅವರಿಗೆ ಸಂಸ್ಥಾನದ ಬೆಳ್ಳಿ ಕಡಗಾ ಬಂತು."

"ನೀ ಯಾಕ ಕೊಡಲಿಲ್ಲ ಆ ಕೂಸಿಗೆ?"

"ಊರ ಮಂದಿಯೆಲ್ಲಾ ಇವರು ಗೆದ್ದ ಬರಲಿ ಅಂತಿದ್ರು. ನಾನೂ ಹಂಗ ಅಂತಿದ್ದೆ."

ಇವತ್ತು ಗರಡಿಯ ತರುಣ ಪೈಲ್ವಾನನೊಬ್ಬ ಆ ಗಾಜಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು ನನ್ನನ್ನು ಕೇಳಿದ, "ಅಮ್ಮಾರ, ಇದು ಎಷ್ಟು ಹಾಲು ಹಿಡೀತಿತ್ರಿ?"

"ಇಬ್ಬರಿಗೆ ಸಾಕಾಗತಿತ್ತಪಾ," ಎಂದೆ.