ತಳದ ತೂಬು

ಎಪ್ಪತ್ತರ ದಶಕದ ಕೊನೆ. ಪೀಣ್ಯದ ಸುತ್ತ ಕಾರ್ಖಾನೆಗಳು ಒಂದೊಂದಾಗಿ ತಲೆ ಎತ್ತುತ್ತಿದ್ದವು. ಅಲ್ಲಿಯದೊಂದು ಊರಿನ ಕೆರೆಗೆ ಚಿಕ್ಕಬೈರಪ್ಪನೇ ನೀರುಗಂಟಿ. ಗದ್ದೆಗಳಿಗೆ ನೀರು ಬಿಡುವುದು, ನಿಲ್ಲಿಸುವುದು ಅವನ ಕೆಲಸ. ಅದಕ್ಕೆ ಉಸಿರು ಬಿಗಿಹಿಡಿದು ಮುಳುಗಿ, ತೂಬಿನ ಬಾಯಿಗೆ ಹೊಡೆದ ಮರದ ಬೆಣೆಯನ್ನು ಸಡಿಲಿಸಬೇಕು. ತೂಬುಗಳು ಎರಡಿದ್ದವು. ತಳದ ತೂಬನ್ನು ಅವನ ಅಪ್ಪನೂ ತೆಗೆದವನಲ್ಲ. ಕೆರೆಯ ಕೊನೆಯ ನೀರು ಗಂಗಮ್ಮನದು, ಎಂಥ ಬರ ಬಂದರೂ ಅದನ್ನು ಬಿಡಬಾರದು ಎಂಬುದು ಊರಿನ ಕಟ್ಟು.

ಬೈರಪ್ಪ ಮುಳುಗದಿದ್ದರೆ ಊರಿಗೆ ಭತ್ತವಿಲ್ಲ. ಆದರೂ ಮೀಸೆ ಮೂಡದವರೂ ಅವನನ್ನು ಕರೆಯುತ್ತಿದ್ದದ್ದು "ಲೇ ಬೈರ" ಎಂದೇ. ನೀರು ಬೇಕಾದಾಗಲಾದರೂ ನಾಲಿಗೆ ಮೆತ್ತಗಾಗಬೇಡವೇ!

ಆ ವರ್ಷ ಪೈರಿಗೆ ಕೊನೆಯ ನೀರು ಬಿಡಲು ಮೇಲಿನ ತೂಬಿಗೆ ಮುಳುಗಿದಾಗ ಹೂಳು ಜಾರಿ ಕಾಲಿಗೆ ಕಬ್ಬಿಣ ತಗುಲಿತು. ತಡವಿದ. ಕೊಳೆತ ಪೆಟ್ಟಿಗೆ, ಒಳಗೆ ಮೊಳದುದ್ದದ, ಮೂತಿ ಚೂಪಾದ ಗುಂಡುಗಳು. ಎರಡನೇ ಮಹಾಯುದ್ಧದ ಕಾಲದಲ್ಲಿ ದಂಡಿನವರು ಕೆರೆಯಾಚೆ ಬಿಡಾರ ಹೂಡಿದ್ದನ್ನೂ ಹೊರಡುವಾಗ ಪೆಟ್ಟಿಗೆಗಳನ್ನು ನೀರಿಗೆ ತಳ್ಳಿದ್ದನ್ನೂ ಅವನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದ. ಮೈ ಒರೆಸಿಕೊಳ್ಳದೆ ನೇರ ಪೊಲೀಸ್ ಠಾಣೆಗೆ ನಡೆದ. ಇಲ್ಲಿಯವರೆಗೆ ಅವನದೇನೂ ತಪ್ಪಿಲ್ಲ.

ಮಿಲಿಟರಿಯವರು ಬಂದರು. ಅವರ ಅಧಿಕಾರಿ ಕೊಡಗಿನವರು, ಚೆನ್ನಾಗಿ ಕನ್ನಡ ಬಲ್ಲವರು. ಏರಿಯ ಮೇಲೆ ನಿಂತು ಕೇಳಿದರು.

"ಬೈರಪ್ಪನವರೇ, ನೀರು ಇಳಿಸ್ತೀರಾ?"

ಬೇರೆ ಯಾರನ್ನಾದರೂ ಕರೆದರೋ ಎಂದು ಬೈರಪ್ಪ ಹಿಂತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

ಮೇಲಿನ ತೂಬು ತೆಗೆದ. ನೀರು ಇಳಿದು ಪೆಟ್ಟಿಗೆಗಳು ಕಂಡವು. ಸೈನಿಕರು ಹಸುಗೂಸನ್ನು ಎತ್ತುವಂತೆ ಒಂದೊಂದೇ ಗುಂಡನ್ನು ಎತ್ತಿ, ಮರಳು ಹಾಸಿದ ಲಾರಿಗೆ ಇಟ್ಟರು. ಕೆರೆಯಲ್ಲಿ ಉಳಿದದ್ದು ತಳದ ನೀರು ಮಾತ್ರ.

"ಅದರಲ್ಲೂ ಏನಾದ್ರೂ ಇರಬಹುದಾ ಬೈರಪ್ಪನವರೇ? ಅದನ್ನ ಬಿಡೋಕಾಗುತ್ತಾ? ಆಗಲ್ಲ ಅಂದ್ರೆ ಬೇಡ, ನಮ್ಮವರೇ ಮುಳುಗಿ ನೋಡ್ತಾರೆ."

ಊರ ಯಜಮಾನ ವೆಂಕಟರಮಣಪ್ಪ ಅಡ್ಡ ಬಂದ. "ಲೇ ಬೈರ, ತಳದ್ದು ಮುಟ್ಬೇಡ ಕಣ್ಲಾ. ಅದು ಗಂಗಮ್ಮಂದು."

ಯಜಮಾನ ಹೇಳಿದ್ದು ಸರಿಯೇ. ಆದರೆ ಅಷ್ಟು ಜನರೆದುರು, ಆ ಅಧಿಕಾರಿಯ ಮುಂದೆ, "ಲೇ" ಎಂದದ್ದು ಬೈರಪ್ಪನಿಗೆ ಚುರ್ರೆಂದಿತು.

"ಯಾಕಾಗಲ್ಲ ಸಾರ್!" ಎಂದವನೇ ಪಂಚೆ ಎತ್ತಿಕಟ್ಟಿ ಇಳಿದು, ತಳದ ತೂಬಿನ ಬೆಣೆ ಕಿತ್ತ.

ನೀರೆಲ್ಲ ಹರಿದುಹೋದ ಮೇಲೆ ತಳದಲ್ಲಿ ಸಿಕ್ಕಿದ್ದು ಒಂದು ತೂತು ಬಿಂದಿಗೆ, ಒಂದಷ್ಟು ಕಪ್ಪೆಚಿಪ್ಪು. ಗುಂಡು ಒಂದೂ ಇರಲಿಲ್ಲ. ಕೆಸರಿನಲ್ಲಿ ಮೀನುಗಳು ಒದ್ದಾಡುವುದನ್ನು ಬೈರಪ್ಪ ನೋಡಲಾಗದೆ ಮನೆಗೆ ಹೋದ.

ಬೇಸಿಗೆಯಲ್ಲಿ ಕೆರೆಯಂಗಳ ಬಿರಿಯಿತು. ಕಾರ್ಖಾನೆಗೆ ಜಾಗ ಹುಡುಕುತ್ತಿದ್ದವರು ಬಂದು, ಹನಿ ನೀರಿಲ್ಲದ್ದನ್ನು ನೋಡಿ, ಇದು ಸತ್ತ ಕೆರೆ ಎಂದು ತೀರ್ಮಾನಿಸಿದರು. ಪಕ್ಕದೂರಿನ ಕೆರೆಯ ತಳದಲ್ಲಿ ನೀರಿತ್ತು. ಅದರ ತಂಟೆಗೆ ಹೋಗಲಿಲ್ಲ. ಮುಂಗಾರು ಬರುವ ಮೊದಲೇ ಕೆರೆ ಮುಚ್ಚಲು ಮಣ್ಣಿನ ಲಾರಿಗಳು ಬಂದವು.

"ನೀನ್ ಯೋಳ್ದೆ ಇದ್ದಿದ್ರೆ ಯಾರ್ ಮಕ್ಳು ಸಾಯ್ತಿದ್ವೋ. ಮಾಡಿದ್ದು ಸರೀನೇ ಬುಡು" ಎಂದು ಹೆಂಡತಿ ಪಿಳ್ಳಮ್ಮ ಎಷ್ಟೋ ಸಲ ಸಮಾಧಾನ ಮಾಡಿದಳು.

"ಯೋಳಿದ್ದಕ್ಕಲ್ಲ ಕಣಮ್ಮಿ. ಆಗಲ್ಲ ಅಂದ್ರೆ ಬ್ಯಾಡ ಅಂತ್ಲೂ ಅಂದಿದ್ರು ಆ ಪುಣ್ಯಾತ್ಮ. ಆಗಲ್ಲ ಸಾರ್ ಅನ್ನಕ್ಕೆ ನಂಗೇನಾಗಿತ್ತು?"



ಕೆರೆಯ ಜಾಗದಲ್ಲಿ ಎದ್ದ ಕಾರ್ಖಾನೆಯ ಗೇಟಿಗೆ ಬೈರಪ್ಪನೇ ವಾಚ್‌ಮನ್ ಆದ. ಮೊದಲ ದಿನ ಮ್ಯಾನೇಜರು ಕಾರಿನ ಗಾಜು ಇಳಿಸಿ, "ಗೇಟ್ ತೆಗೀರಿ ಬೈರಪ್ಪನವರೇ" ಎಂದರು.

ಅವನು ಗೇಟು ತೆಗೆದ. ಆಮೇಲೆ ಕಾರಿನ ಪಕ್ಕ ಬಗ್ಗಿ, ಕೈ ಮುಗಿದು ಹೇಳಿದ.

"ಬೈರ ಅನ್ನಿ ಸಾರ್. ಅಷ್ಟೇ ಸಾಕು."