ಪಕ್ಕದವಳ ಹೆಬ್ಬೆರಳು

ಜಿಗಿಯುವ ಕಟ್ಟೆಯ ಮೇಲೆ ನಿಂತ ಈಜುಗಾರರೆಲ್ಲ ನೀರು ನೋಡುತ್ತಾರೆ. ಕಮಲಾಪುರದ ಪ್ರಜ್ಞಾ ಮಾತ್ರ ಪಕ್ಕದ ಹುಡುಗಿಯ ಕಾಲಿನ ಹೆಬ್ಬೆರಳು ನೋಡುತ್ತಿದ್ದಳು. ಅದು ಅಲುಗಿತೋ, ಇವಳು ಹಾರಿದಳು. ಕಲಬುರಗಿಯ ಈಜುಕೊಳದಲ್ಲಿ ನಾವೆಲ್ಲ ಅದನ್ನೊಂದು ಚಾಳಿ ಎಂದುಕೊಂಡಿದ್ದೆವು. ಆ ಹದಿನೈದರ ಹುಡುಗಿಗೆ ಕಿವಿ ಸೋರಿ ಸೋರಿ, ಹಾರಲು ಊದುವ ಸೀಟಿ ಕೇಳಿಸುತ್ತಲೇ ಇರಲಿಲ್ಲ, ಗೊತ್ತಾದರೆ ಕೋಚ್ ನೀರಿಗಿಳಿಸುವುದಿಲ್ಲವೆಂದು ಮುಚ್ಚಿಟ್ಟಿದ್ದಳು ಎಂಬುದು ತಿಳಿದದ್ದು ಆಮೇಲೆ.

ನಾನು ಅಲ್ಲಿಗೆ ಸೇರಿದ್ದು ಮೊಣಕಾಲು ನೋವಿಗೆ ಡಾಕ್ಟರು ಹೇಳಿದರೆಂದು. ಐವತ್ತರ ಹತ್ತಿರದ ಹೆಂಗಸು, ಸೊಂಟದ ಮಟ್ಟದ ನೀರಿನಲ್ಲಿ ಕಂಬಿ ಹಿಡಿದು ನಿಂತು, ಮನೆಯಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ, ಈಗ ನಾನು ಮುಳುಗಿದರೆ ಅದನ್ನು ಆರಿಸುವವರು ಯಾರು ಎಂದು ಚಿಂತಿಸುತ್ತಿದ್ದೆ. ತೋಟದ ಬಾವಿಯಲ್ಲಿ ಈಜು ಕಲಿತ ಪ್ರಜ್ಞಾಗೆ ನನ್ನನ್ನು ಕಂಡರೆ ತಮಾಷೆ.

"ಆಂಟಿ, ನೀರು ನಿಮ್ಮನ್ನ ನುಂಗಂಗಿಲ್ರೀ. ನೀವೇ ನೀರು ನುಂಗಾಕತ್ತೀರಿ!"

"ಮುಳುಗಿದ್ರ ಕೂಗ್ತೀನವ್ವ, ಬಂದು ಹಿಡಿ."

"ಕೂಗಬ್ಯಾಡ್ರಿ, ಕೈ ಮ್ಯಾಲೆತ್ರಿ. ಕೂಗಿದ್ರ ಯಾರಿಗಿ ಕೇಳಸ್ತದ?"

ನಾನು ನಕ್ಕುಬಿಟ್ಟೆ.

ಬೆನ್ನ ಕೆಳಗೆ ಅಂಗೈ ಕೊಟ್ಟು ನನ್ನನ್ನು ತೇಲಿಸಿದವಳು ಅವಳೇ. ಯಾವಾಗ ಕೈ ತೆಗೆದಳೋ ತಿಳಿಯಲಿಲ್ಲ. ತಿಳಿದ ಕೂಡಲೇ ಮುಳುಗಿದೆ.

ರಾಜ್ಯ ತಂಡ ಸೇರಬೇಕು, ಕ್ರೀಡಾ ಹಾಸ್ಟೆಲಿಗೆ ಹೋಗಬೇಕು, ಇದೊಂದೇ ಅವಳ ಜಪ. ಬೆಳಗಿನ ಮೊದಲ ಬಸ್ಸಿಗೆ ಬರುವಳು. ಮಹಾಗಾಂವ ದಾಟುವವರೆಗೂ ಕೂರಲು ಜಾಗ ಸಿಗುತ್ತಿರಲಿಲ್ಲವಂತೆ. "ನಿಂತ್ರ ಕಾಲು ಗಟ್ಟಿ ಆಗ್ತಾವ್ರಿ" ಎನ್ನುವಳು.

ತಂಡದ ಆಯ್ಕೆಯ ದಿನ ನಾನೂ ಹೋಗಿದ್ದೆ. ಸೀಟಿಗೆ ಮೊದಲೇ ಪಕ್ಕದ ಹುಡುಗಿಯ ಹೆಬ್ಬೆರಳು ಅಲುಗಿತು. ಆ ಹುಡುಗಿ ಹೇಗೋ ಸಾವರಿಸಿಕೊಂಡು ನಿಂತಳು. ಪ್ರಜ್ಞಾ ಹಾರಿಬಿಟ್ಟಿದ್ದಳು. ವಾಪಸ್ ಕರೆಯಲು ಸೀಟಿಯ ಮೇಲೆ ಸೀಟಿ. ಕೋಚ್ ದಂಡೆಯುದ್ದಕ್ಕೂ ಓಡುತ್ತ ಅರಚಿದರು. ನಾನೂ ಅರಚಿದೆ. ಅವಳು ಇಡೀ ಕೊಳವನ್ನು ಒಬ್ಬಳೇ ಈಜಿ, ಗೋಡೆ ಮುಟ್ಟಿ, ತಿರುಗಿ ನೋಡಿದಳು. ಹಿಂದೆ ಯಾರೂ ಇಲ್ಲ. ಅಷ್ಟು ಮುಂದೆ ಬಂದುಬಿಟ್ಟೆನೆಂದು ಎರಡೂ ಕೈ ಎತ್ತಿ ನಕ್ಕಳು.

ತಪ್ಪು ಜಿಗಿತಕ್ಕೆ ಎರಡನೆಯ ಅವಕಾಶವಿಲ್ಲ. ಕಿವಿಯ ವಿಷಯವೂ ಅಂದೇ ಬಯಲಾಯಿತು. ಒಂದು ಕಿವಿ ಹೋಗಿದೆ, ಇನ್ನೊಂದಾದರೂ ಉಳಿಯಬೇಕಾದರೆ ನೀರು ಬಿಡಬೇಕು ಎಂದರು ಡಾಕ್ಟರು. ಬಿಟ್ಟಳು.

ಹೋದ ತಿಂಗಳು ಕಮಲಾಪುರದ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಹೆಗಲಿಗೆ ಕಾಲೇಜಿನ ಚೀಲ. "ಈಗರ ತೇಲ್ತೀರೇನ್ರೀ, ಆಂಟಿ?" ಎಂದಳು. ತಲೆಯಾಡಿಸಿದೆ. ಅಷ್ಟರಲ್ಲಿ ನನ್ನ ಬಸ್ಸು ಬಂತು. ಹತ್ತಲು ಹೋದ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಆವತ್ತ ನಾ ಒಬ್ಬಾಕಿನೇ ಈಜಿದ್ನಲ್ರೀ, ಯಾರರ ಟೈಮ್ ಹಿಡಿದಿದ್ರೇನ್ರೀ? ಅಷ್ಟು ಜೋರ ನಾ ಎಂದೂ ಈಜಿದ್ದಿಲ್ಲ."

"ಇಲ್ಲವ್ವ" ಎಂದೆ.

ಅವಳು ಬಲಗಿವಿಯನ್ನು ನನ್ನ ಬಾಯಿಯ ಹತ್ತಿರಕ್ಕೆ ತಂದಳು. "ಏನಂದ್ರೀ?"

ಅಷ್ಟು ಜನರ ನಡುವೆ ಅದನ್ನು ಮತ್ತೊಮ್ಮೆ, ಜೋರಾಗಿ ಹೇಳಬೇಕಾಯಿತು.