ನಾಲ್ಕನೆಯ ಮನೆಯ ಫಾರ್ಮ್

“ನಮ್ಮ ಮನೆ ಬಿಟ್ಟದ್ದು ಎಂತಕ್ಕೆ ಮೇಡಂ?”

ಕೆಂಪುಕಲ್ಲಿನ ಪಾಗಾರದ ಗೋಡೆಯ ಆಚೆಯಿಂದ ಹಾಗೆ ಕೇಳಿದ ಹೆಂಗಸಿನ ಕೈಯಲ್ಲಿ ಆಸ್ಪತ್ರೆ ಚೀಟಿಗಳು ತುಂಬಿದ ಪ್ಲಾಸ್ಟಿಕ್ ಚೀಲವಿತ್ತು. ನಾನು ಎಂ.ಎಸ್ಸಿ. ನರ್ಸಿಂಗ್ ಪ್ರಬಂಧದ ಆರೋಗ್ಯ ಸಮೀಕ್ಷೆಗೆಂದು ಕಾರಡ್ಕ ಎಂಬ ಊರಿನ ಒಳರಸ್ತೆಯಲ್ಲಿ ಮನೆ ಎಣಿಸುತ್ತ ಹೋಗುತ್ತಿದ್ದೆ. ಪ್ರತಿ ಐದನೆಯ ಮನೆಗೆ ಮಾತ್ರ ಹೋಗಬೇಕು, ಮನಸ್ಸು ಎಳೆದ ಕಡೆ ಹೋದರೆ ಲೆಕ್ಕ ಕೆಡುತ್ತದೆ ಎಂದು ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಕಲಿತಿದ್ದೆ. ಅವರದು ನಾಲ್ಕನೆಯ ಮನೆ.

ಅದನ್ನೇ ವಿವರಿಸಿದೆ. ಅವರು ಜಗಲಿಯ ಕಡೆ ಕೈ ತೋರಿಸಿದರು.

“ಆರೋಗ್ಯದವರು ಬರ್ತಾರೆ ಅಂತ ಆಶಾ ವರ್ಕರ್ ಹೇಳಿದ್ರು. ಮಗಳನ್ನು ಬೆಳಿಗ್ಗೆಯೇ ಮೀಯಿಸಿ ಕೂರಿಸಿದ್ದೇನೆ.”

ಜಗಲಿಯಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ದಿಂಬಿಗೆ ಒರಗಿದ್ದಳು. ಕತ್ತು ನಿಲ್ಲದು, ಮಾತಿಲ್ಲ. ಮೈಮೇಲೆ ಹೊಸ ಚೂಡಿದಾರ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ನಾನು ಒಳಗೆ ಹೋಗಿ ಕುಳಿತೆ. ಒಂದು ಪ್ರಶ್ನೆಯನ್ನೂ ಬಿಡದೆ ಕೇಳಿ ಫಾರ್ಮ್ ತುಂಬಿದೆ. ತಾಯಿ ಒಂದೊಂದೇ ಚೀಟಿಯ ಮಡಿಕೆ ಬಿಡಿಸಿ ತೋರಿಸಿದರು.

ಆ ಫಾರ್ಮನ್ನು ಲೆಕ್ಕಕ್ಕೆ ಸೇರಿಸುವಂತಿರಲಿಲ್ಲ, ಸೇರಿಸಲಿಲ್ಲ. ಈಗ ನಾನೇ ವಿದ್ಯಾರ್ಥಿಗಳಿಗೆ ಆ ಪಾಠ ಹೇಳುತ್ತೇನೆ, ನಿಯಮ ತಪ್ಪೆಂದು ಇಂದಿಗೂ ಹೇಳಲಾರೆ. ಆದರೆ ಅಂದು ಹೊರಡುವಾಗ ಆ ತಾಯಿ, “ಇದನ್ನು ಮೇಲಿನವರಿಗೆ ಕೊಡ್ತೀರಲ್ಲ?” ಎಂದು ಕೇಳಿದ್ದರು. ನಾನು ಚಪ್ಪಲಿ ಮೆಟ್ಟುತ್ತ, ಅವರ ಮುಖ ನೋಡದೆ, ಹೂಂ ಎಂದಿದ್ದೆ.